ನಿನ್ಫಾ ಬಿಟ್ಟ ಬಾಗಿಲು

ನಿನ್ಫಾ ಗುಝಾರ್ದೊಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಾಲಿನವನು ಬಾಗಿಲಲ್ಲಿ ಬಾಟಲಿ ಇಟ್ಟು ಹೋದರೆ ಅದನ್ನು ಬೆಳಕಿಗೆ ಹಿಡಿದು, ಕೆನೆ ಎಷ್ಟು ನಿಂತಿದೆ ಎಂದು ನೋಡಿಯೇ ಒಳಗೆ ತರುವಳು. ಮಾಂಸದಂಗಡಿಯಲ್ಲಿ ಅವಳ ಕಣ್ಣು ತಕ್ಕಡಿಗಿಂತ ಹೆಚ್ಚಾಗಿ ಅಂಗಡಿಯವನ ಹೆಬ್ಬೆರಳಿನ ಮೇಲಿರುತ್ತಿತ್ತು. ಇಗರ್ಜಿಯಲ್ಲಿ ಪಾಪನಿವೇದನೆಗೆ ಮಂಡಿಯೂರಿದರೂ ಅಷ್ಟೇ. ಹಿಂದಿನ ಬೆಂಚಿನವರಿಗೆ ಎಷ್ಟು ಕೇಳಿಸಬಹುದು ಎಂದು ಅಂದಾಜು ಮಾಡಿಕೊಂಡು ಆಮೇಲೆ ಬಾಯಿ ಬಿಡುವಳು, ಅದೂ ಸಣ್ಣಪುಟ್ಟ ಪಾಪಗಳಿಗೆ ಮಾತ್ರ. ತನ್ನ ಹತ್ತಿರ ದೊಡ್ಡದೊಂದು ಇದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಹಾಗೆಂದು ಕೆಟ್ಟವಳೇನಲ್ಲ. ಲೂಸಿಯಾನದ ನಮ್ಮ ಟ್ಯಾಂಜಿಪಹೋವಾ ಸೀಮೆಯಲ್ಲಿ, ಸಿಸಿಲಿಯಿಂದ ಬಂದು ಸ್ಟ್ರಾಬೆರಿ ಬೆಳೆದು ಬದುಕು ಕಟ್ಟಿಕೊಂಡವರ ಆ ಬೀದಿಯಲ್ಲಿ, ಯಾರ ಮನೆಯಲ್ಲಿ ಹೆರಿಗೆಯಾದರೂ ಬಿಸಿ ಸೂಪಿನ ಪಾತ್ರೆ ಹಿಡಿದು ಮೊದಲು ಓಡುತ್ತಿದ್ದವಳು ಅವಳೇ. ಪಾತ್ರೆ ವಾಪಸು ಬಂದಾಗ ತಳ ತಿರುಗಿಸಿ, ಇದು ತನ್ನದೇ ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದವಳೂ ಅವಳೇ. ಇಂಥವರನ್ನು ಕಂಡರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ.

ಐವತ್ತೆಂಟನೇ ಇಸವಿಯ ಜನವರಿಯಲ್ಲಿ ಅವಳ ಗಂಡ ಗ್ಯಾಸ್ಪರನ ಗಂಟಲಲ್ಲಿ ಗಡ್ಡೆಯೊಂದು ಕಾಣಿಸಿಕೊಂಡಿತು. ಗ್ಯಾಸ್ಪರ ಮೊದಲೇ ಮಾತು ಕಡಿಮೆಯ ಮನುಷ್ಯ. ಇದ್ದ ನಾಲ್ಕು ಮಾತೂ ಒಡೆದು ಬರತೊಡಗಿದವು. ನ್ಯೂ ಆರ್ಲಿಯನ್ಸಿನ ಡಾಕ್ಟರು ಮಾರ್ಚ್ ಇಪ್ಪತ್ತನಾಲ್ಕಕ್ಕೆ ಆಪರೇಷನ್ ಎಂದರು. "ಆಮೇಲೆ ಸರಿಹೋಗ್ತಾರಾ?" ಎಂದು ನಿನ್ಫಾ ಕೇಳಿದ್ದಕ್ಕೆ "ನೋಡೋಣ" ಎಂದರು. ಆ "ನೋಡೋಣ" ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ. ಗಂಡನ ಎದುರು ಧೈರ್ಯದ ಮುಖ ಮಾಡಿ, ಮನೆಗೆ ಬಂದು ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅತ್ತಳು. ಆಮೇಲೆ ಸಂತ ಜೋಸೆಫರಿಗೆ ಹರಕೆ ಹೊತ್ತಳು: ಮಾರ್ಚ್ ಹತ್ತೊಂಬತ್ತರ ನಿಮ್ಮ ಹಬ್ಬಕ್ಕೆ ಮನೆಯಲ್ಲಿ ನಿಮ್ಮ ಪ್ರತಿಮೆ ಇಟ್ಟು ಮೂರು ಮೆಟ್ಟಿಲ ಮೇಜು ಕಟ್ಟಿ, ಬಂದವರಿಗೆಲ್ಲ ಊಟ ಹಾಕುತ್ತೇನೆ, ನನ್ನ ಗಂಡನನ್ನು ಉಳಿಸಿಕೊಡಿ.

ಹರಕೆಯ ಮೇಜಿಗೆ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಸಾಮಾನನ್ನು ಅಂಗಡಿಯಿಂದ ಕೊಂಡು ತರುವಂತಿಲ್ಲ, ಬೇಡಿ ತರಬೇಕು. ಹರಕೆ ಹೊತ್ತವರು ಬರಿಗೈಯಲ್ಲಿ ಹೋಗಿ, ತಮ್ಮ ಬೀದಿಯ ಒಂದು ಬಾಗಿಲನ್ನೂ ಬಿಡದೆ ತಟ್ಟಿ, ಜೋಸೆಫರ ಹೆಸರಲ್ಲಿ ಕೇಳಬೇಕು. ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಹರಕೆ ಹೊತ್ತವರ ತಲೆ ಸ್ವಲ್ಪ ತಗ್ಗಲಿ ಎಂದೇ ಹಿರಿಯರು ಹೀಗೆ ಮಾಡಿಟ್ಟದ್ದು. ನಿನ್ಫಾಳ ತಲೆ ತಗ್ಗಿತು, ಆದರೆ ಸಿಕ್ಕಿದ ವಸ್ತುವನ್ನು ಹತ್ತಿರದಿಂದ ನೋಡುವುದಕ್ಕೆ.

ಪಕ್ಕದ ಮನೆಯ ಫ್ಯಾನಿ ತರಾಂತೊ ಎರಡು ಡಜನ್ ಮೊಟ್ಟೆ ಕೊಟ್ಟಳು. ನಿನ್ಫಾ ಬೀದಿಯಲ್ಲೇ ನಿಂತು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದಳು. ಕಿಟಕಿಯಿಂದ ನೋಡುತ್ತಿದ್ದ ಫ್ಯಾನಿ ಸುಮ್ಮನಿರುವವಳಲ್ಲ.

"ಏನೇ ನಿನ್ಫಾ, ಒಳಗಿರೋ ಮರಿ ಮಾತಾಡ್ತಿದ್ಯಾ?"

"ಇಲ್ವೇ, ಲೊಳಕ್ ಅನ್ನುತ್ತಾ ಅಂತ ನೋಡ್ದೆ."

"ಬೇಡೋಕೆ ಬಂದೋಳಿಗೆ ಇಷ್ಟು ಧಿಮಾಕು ಇದ್ರೆ, ಕೊಡೋಕೆ ನಿಂತಿರೋಳಿಗೆ ಎಷ್ಟಿರ್ಬೇಡ! ತಗೊಂಡ್ ಹೋಗು, ಮೊನ್ನೆ ಇಟ್ಟ ಮೊಟ್ಟೆ ಅವು."

ಬೇಕರಿಯವನು ಒಂದು ಮೂಟೆ ಹಿಟ್ಟು ಕೊಟ್ಟ. ಇಷ್ಟೊಂದು ಕೊಡುತ್ತಾನೆಂದರೆ ಹುಳ ಬಿದ್ದಿರಲೇಬೇಕು ಎಂದುಕೊಂಡು ಜರಡಿ ಹಿಡಿದಳು, ಹುಳ ಇರಲಿಲ್ಲ. ತೋಟದವರು ಕೊಟ್ಟ ಸ್ಟ್ರಾಬೆರಿ ಪೆಟ್ಟಿಗೆಯನ್ನು ಮಗುಚಿ ನೋಡಿದಳು; ಮೇಲೆ ಕೆಂಪಗಿದ್ದದ್ದು ತಳದಲ್ಲೂ ಕೆಂಪಗೇ ಇತ್ತು. ಅನುಮಾನ ಹೋಗುವುದರ ಬದಲು ಜಾಸ್ತಿಯಾಯಿತು. ಎಲ್ಲರೂ ಇಷ್ಟು ಒಳ್ಳೆಯದನ್ನೇ ಯಾಕೆ ಕೊಡುತ್ತಿದ್ದಾರೆ? ಗ್ಯಾಸ್ಪರ ಉಳಿಯುವುದಿಲ್ಲ ಎಂದು ಇವರಿಗೆಲ್ಲ ಏನಾದರೂ ತಿಳಿದಿದೆಯೇ?

ಬೀದಿಯ ತುದಿಯ ಸ್ಯಾರೀನಾ ತನ್ನ ಗಿಡದ ನಿಂಬೆಹಣ್ಣುಗಳನ್ನು ಉಡಿ ತುಂಬಾ ತಂದು ಸುರಿದಳು. "ಎರಡು ಜಾಸ್ತೀನೇ ಹಾಕಿದೀನಿ. ಹುಡುಗೀರು ಕದಿಯೋಕೆ ಬೇಕಲ್ಲ!" ಎಂದು ನಕ್ಕಳು. ಜೋಸೆಫರ ಮೇಜಿನಿಂದ ಮದುವೆಯಾಗದ ಹೆಣ್ಣು ಯಾರ ಕಣ್ಣಿಗೂ ಬೀಳದೆ ಒಂದು ನಿಂಬೆಹಣ್ಣು ಕದ್ದು, ಯಾರಿಗೂ ಬಾಯಿ ಬಿಡದೆ ಇಟ್ಟುಕೊಂಡರೆ, ಮುಂದಿನ ಹಬ್ಬದೊಳಗೆ ಅವಳಿಗೆ ಗಂಡು ಸಿಗುತ್ತಾನೆ. ಹದಿನೆಂಟು ಇಪ್ಪತ್ತರ ಹುಡುಗಿಯರು ಮೇಜಿನ ಸುತ್ತ ಸುಳಿದಾಡುವುದೂ, ಹಿರಿಯರು ಬೇಕೆಂದೇ ಆಚೆ ಮುಖ ತಿರುಗಿಸುವುದೂ ಪ್ರತಿ ವರ್ಷದ ತಮಾಷೆ. ನಿನ್ಫಾ ಮಾತ್ರ ಮುಖ ತಿರುಗಿಸಿದವಳಲ್ಲ. ತಾನು ಮೇಜು ಕಟ್ಟಿದರೆ ಹಬ್ಬದ ಬೆಳಿಗ್ಗೆ ನಿಂಬೆಹಣ್ಣು ಎಣಿಸಿಡುವಳು, ಸಾಯಂಕಾಲ ಮತ್ತೆ ಎಣಿಸುವಳು.

ಬೀದಿಯಲ್ಲಿ ಅವಳ ಮನೆ ಬಿಟ್ಟು ಹನ್ನೆರಡು ಬಾಗಿಲು. ಹನ್ನೊಂದನ್ನು ತಟ್ಟಿದಳು. ಹನ್ನೆರಡನೆಯದರ ಹತ್ತಿರ ಬಂದಾಗ ಬೀದಿ ದಾಟಿ ಆಚೆ ಬದಿಯಲ್ಲಿ ನಡೆದು ಮನೆಗೆ ಹೋದಳು.

ಅದು ಆಗಟಾ ಲೊಬ್ಯಾಂಕೊಳ ಮನೆ. ಆಗಟಾ ಬಟ್ಟೆ ಹೊಲಿಯುವವಳು, ಒಂಟಿ ಹೆಂಗಸು, ನಿನ್ಫಾಳ ಮಗಳು ಲೀನಾಳಿಗೆ ದೀಕ್ಷಾಸ್ನಾನದಲ್ಲಿ ಜ್ಞಾನತಾಯಿಯಾಗಿ ನಿಂತವಳು. ನಮ್ಮಲ್ಲಿ ಮಗುವಿನ ಜ್ಞಾನತಾಯಿಯನ್ನು ಹೆತ್ತ ತಾಯಿ 'ಕುಮ್ಮಾರೆ' ಎಂದು ಕರೆಯುತ್ತಾಳೆ. ಅವಳೂ ಇವಳನ್ನು ಹಾಗೇ ಕರೆಯುತ್ತಾಳೆ. ಒಡಹುಟ್ಟಿದವರ ಜೊತೆ ಮಾತು ಬಿಟ್ಟರೂ ಬಿಡಬಹುದು, ಕುಮ್ಮಾರೆಯ ಜೊತೆ ಬಿಡುವಂತಿಲ್ಲ. ಇವರಿಬ್ಬರು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು.

ಹನ್ನೊಂದು ವರ್ಷದ ಹಿಂದೆ ನಿನ್ಫಾ ಇನ್ನೊಂದು ಹರಕೆಗೆ ಮೇಜು ಕಟ್ಟಿದ್ದಾಗ, ತನ್ನ ತಾಯಿಯ ಬಂಗಾರದ ಪದಕವನ್ನು ಜೋಸೆಫರ ಪ್ರತಿಮೆಯ ಕೆಳಗಿನ ಪಟ್ಟಿಗೆ ಸಿಕ್ಕಿಸಿದ್ದಳು. ಜನ ಅಂಗಳದಲ್ಲಿ ಊಟಕ್ಕೆ ಕೂತಿದ್ದ ಹೊತ್ತು. ಅಡುಗೆಮನೆಯ ಬಾಗಿಲಿಂದ ನಿನ್ಫಾ ನೋಡಿದಳು: ಆಗಟಾ ಮೇಜಿನ ಹತ್ತಿರ ಒಬ್ಬಳೇ ಇದ್ದಾಳೆ, ಅತ್ತ ನೋಡಿದಳು, ಇತ್ತ ನೋಡಿದಳು, ಚಕ್ಕನೆ ಏನನ್ನೋ ಎತ್ತಿ ಎದೆಯ ಬಟ್ಟೆಯೊಳಗೆ ಸೇರಿಸಿಕೊಂಡಳು. ಒಂದು ಗಂಟೆಯ ಮೇಲೆ ನೋಡಿದರೆ ಪದಕ ಇಲ್ಲ.

ನಿನ್ಫಾ ಆಗಟಾಳನ್ನು ಕೇಳಲಿಲ್ಲ. ಫ್ಯಾನಿಗೆ ಹೇಳಿದಳು. ಫ್ಯಾನಿಗೆ ಹೇಳಿದ ಮೇಲೆ ಉಳಿದವರಿಗೆ ಹೇಳಬೇಕಾಗಿರಲಿಲ್ಲ. ಮುಂದಿನ ಭಾನುವಾರದ ಬಲಿಪೂಜೆಯ ಹೊತ್ತಿಗೆ ಆಗಟಾಳ ಬೆಂಚಿನಲ್ಲಿ ಆಗಟಾ ಒಬ್ಬಳೇ ಕೂತಿದ್ದಳು. ಹೊಲಿಯಲು ಬಟ್ಟೆ ಕೊಡುತ್ತಿದ್ದವರು ಮೊದಲು ಬಟ್ಟೆ ಅಳೆದು ಕೊಡತೊಡಗಿದರು, ಆಮೇಲೆ ಕೊಡುವುದನ್ನೇ ನಿಲ್ಲಿಸಿದರು. ನಿನ್ಫಾಳ ಅಣ್ಣ ಲಿಬೋರಿಯೊ, ಹೆಂಡತಿ ಸತ್ತವನು, ಆಗಟಾಳ ಹತ್ತಿರ ಅಂಗಿ ಹೊಲಿಸಿಕೊಳ್ಳಲು ಹೋಗುತ್ತಿದ್ದ. ನಿನ್ಫಾ ಅವನನ್ನು ಕೂರಿಸಿಕೊಂಡು, "ಕಳ್ಳಿ ಮನೆ ಮೆಟ್ಟಿಲು ಹತ್ತಬೇಡ, ನನ್ನ ಮೇಲೆ ಆಣೆ" ಎಂದಳು. ತಂಗಿಯ ಮಾತನ್ನು ಮೀರುವವನಲ್ಲ ಅವನು. ಹೋಗುವುದನ್ನು ಬಿಟ್ಟ. ಕೊನೆಗೆ ಒಂಟಿಯಾಗಿಯೇ ಸತ್ತ, ಆಗಲೇ ನಾಲ್ಕು ವರ್ಷವಾಗಿತ್ತು.

ಹಬ್ಬಕ್ಕೆ ನಾಲ್ಕು ದಿನವಿದ್ದಾಗ, ಶನಿವಾರ, ನಿನ್ಫಾ ಪಾಪನಿವೇದನೆಗೆ ಹೋದಳು. ನಿಜ ಹೇಳಬೇಕೆಂದರೆ ಅವಳು ಹೋದದ್ದು ಪಾಪ ಹೇಳುವುದಕ್ಕಲ್ಲ, ಹನ್ನೊಂದು ಬಾಗಿಲು ಸಾಕು ಎಂದು ಗುರುಗಳ ಬಾಯಿಂದ ಹೇಳಿಸಿಕೊಳ್ಳುವುದಕ್ಕೆ. ಒಂದು ಬಾಗಿಲು ಬಿಟ್ಟದ್ದಕ್ಕೆ ಗಂಡನ ಗಂಟಲಿಗೆ ಏನಾದರೂ ಆದರೆ? ಆ ಹೆದರಿಕೆ ರಾತ್ರಿ ಹಗಲು ಅವಳನ್ನು ಕೊರೆಯುತ್ತಿತ್ತು. ಗುರುಗಳು ಫಾದರ್ ಕೀಟಿಂಗ್, ಐರಿಷ್ ಮನುಷ್ಯ. ನಮ್ಮ ಹರಕೆ ಕಟ್ಟಳೆಗಳು ಅವರಿಗೆ ಅಷ್ಟಕ್ಕಷ್ಟೇ, ಸುಲಭವಾಗಿ ಹೂಂ ಎನ್ನುತ್ತಾರೆ ಎಂದು ಅವಳ ಲೆಕ್ಕಾಚಾರ.

"ಹನ್ನೆರಡನೇ ಮನೆ ಯಾಕ್ ಬಿಟ್ರಿ?" ಎಂದರು ಪರದೆಯ ಆಚೆಯಿಂದ.

"ಅಲ್ಲಿರೋಳು ಕಳ್ಳಿ, ಫಾದರ್. ನನ್ನ ತಾಯಿ ಪದಕ ಕದ್ದೋಳು. ನಾನೇ ಕಣ್ಣಾರೆ ನೋಡಿದೀನಿ."

"ಏನ್ ನೋಡಿದ್ರಿ?"

"ಎತ್ತಿ ಒಳಗೆ ಹಾಕ್ಕೊಂಡಿದ್ದನ್ನ."

"ಪದಕಾನಾ?"

"ಇನ್ನೇನಿರುತ್ತೆ ಫಾದರ್?"

"ಅವಳನ್ನ ಕೇಳಿದ್ರಾ?"

"ಕಳ್ಳರು ಕದ್ದೆ ಅಂತ ಒಪ್ಕೋತಾರಾ?"

ಆಚೆ ಕಡೆ ಕುರ್ಚಿ ಕಿರುಗುಟ್ಟಿತು. "ಯೇಸುಸ್ವಾಮಿ ಏನ್ ಹೇಳಿದಾರೆ ಅಂತ ಮರೆತ್ರಾ? ಕಾಣಿಕೆ ತಗೊಂಡು ಬಲಿಪೀಠದ ಹತ್ರ ಬಂದಿದೀರ. ಅಲ್ಲಿ, ಯಾರಿಗೋ ನಿಮ್ಮ ಮೇಲೆ ಮನಸ್ಸು ಕೆಟ್ಟಿದೆ ಅಂತ ನೆನಪಾಗುತ್ತೆ. ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವರ ಜೊತೆ ಸರಿಮಾಡ್ಕೊಳ್ಳಿ, ಆಮೇಲೆ ಬನ್ನಿ ಅಂದಿದಾರೆ."

"ಮನಸ್ಸು ಕೆಟ್ಟಿರೋದು ನಂಗೆ ಅವಳ ಮೇಲೆ, ಫಾದರ್. ಅವಳಿಗೆ ನನ್ನ ಮೇಲಲ್ಲ."

"ಹೌದಾ? ಅದೂ ಗೊತ್ತಾಗ್ಲಿ. ಹೋಗಿ ಬೇಡಿ. ಹೋಗಿ ಕೇಳಿ. ನಿಮ್ಮ ಪ್ರಾಯಶ್ಚಿತ್ತ ಅದೇ."

ಮೂರು ಜಪ ಹೇಳಿ ಮುಗಿಸಿಬಿಡಬಹುದು ಎಂದುಕೊಂಡು ಬಂದವಳಿಗೆ ಮೈ ಉರಿಯಿತು. ಆಗಟಾ ಮೊದಲೇ ಬಂದು ಫಾದರ್ ಕಿವಿ ಕಚ್ಚಿರಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಆದರೂ ಸೋಮವಾರ ಮಧ್ಯಾಹ್ನ, ಗ್ಯಾಸ್ಪರ ಒಂದು ಗುಟುಕು ನೀರು ನುಂಗಲು ಕಣ್ಣು ಮುಚ್ಚಿ ಒದ್ದಾಡಿದ್ದನ್ನು ನೋಡಿದ ಮೇಲೆ, ಶಾಲು ಹೊದ್ದು ಹೊರಟಳು.

ಆಗಟಾ ಬಾಗಿಲು ತೆಗೆದಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ನಿನ್ಫಾಳ ಕಣ್ಣು ಅವಳ ಮುಖಕ್ಕಿಂತ ಮೊದಲು ಅವಳ ಕೊರಳಿಗೆ ಹೋಯಿತು.

"ಸಂತ ಜೋಸೆಫರ ಹೆಸರಲ್ಲಿ ಬೇಡೋಕೆ ಬಂದಿದೀನಿ."

"ಎದುರುಗಡೆ ಮನೆಯಿಂದ ಇಲ್ಲಿಗೆ ಬರೋಕೆ ಹನ್ನೊಂದು ವರ್ಷ ಬೇಕಾಯ್ತಾ?" ಎಂದಳು ಆಗಟಾ. "ಬಾ. ಗ್ಯಾಸ್ಪರ್‌ಗೆ ಹೆಂಗಿದೆ?"

"ಹಂಗೇ ಇದೆ."

ಒಳಗೆ ಹೋದ ನಿನ್ಫಾ ಗೋಡೆ ನೋಡಿದಳು, ಕಪಾಟು ನೋಡಿದಳು, ಮೇರಿಮಾತೆಯ ಚಿತ್ರದ ಕೆಳಗಿನ ತಟ್ಟೆ ನೋಡಿದಳು. ಆಗಟಾ ಕೊಟ್ಟ ಕಾಫಿಯನ್ನು ಮೂಸಿ ನೋಡಿ ಹಾಗೇ ಇಟ್ಟಳು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಇರಲಿಲ್ಲ.

"ಏನ್ ಕೊಡ್ಲಿ?"

"ಏನು ಕೊಟ್ರೂ ತಗೋಬೇಕು, ಕಟ್ಟಳೆ."

ಆಗಟಾ ಚಾಕು ಹಿಡಿದು ಹಿತ್ತಲಿಗೆ ಹೋದಳು. ನಿನ್ಫಾ ಹಿಂದೆಯೇ ಹೋದಳು. ಅವಳನ್ನು ಕಣ್ಣಳತೆಯಿಂದ ಆಚೆ ಬಿಡಲು ಮನಸ್ಸಾಗಲಿಲ್ಲ. ಬೇಲಿಯುದ್ದಕ್ಕೂ ಸೋಂಪಿನ ಗಿಡ ಸೊಂಟದೆತ್ತರ ಬೆಳೆದಿತ್ತು. ಹಬ್ಬದ ಸಾರ್ಡೀನು ಮೀನಿನ ಪಾಸ್ತಾಕ್ಕೆ ಅದರ ಸೊಪ್ಪಿಲ್ಲದೆ ಆಗುವುದಿಲ್ಲ. ಆಗಟಾ ಬಗ್ಗಿ ಒಂದೊಂದೇ ಹಿಡಿ ಕೊಯ್ಯತೊಡಗಿದಳು. ಅವಳ ಬೆನ್ನು ನೋಡುತ್ತ ನಿಂತಾಗ ನಿನ್ಫಾಳ ಬಾಯಿ ತೆರೆದುಕೊಂಡಿತು.

"ಆವತ್ತು ಮೇಜಿಂದ ಏನಾದ್ರೂ ತಗೊಂಡ್ಯಾ?"

ಚಾಕು ನಿಂತಿತು. "ತಗೊಂಡೆ," ಎಂದಳು ಆಗಟಾ.

ನಿನ್ಫಾಳಿಗೆ ಆದದ್ದು ಸಂತೋಷ. ಹೇಳಿಬಿಡುತ್ತೇನೆ, ಆ ಹೊತ್ತಿನಲ್ಲಿ ಅವಳಿಗೆ ಗಂಡನ ನೆನಪೂ ಇರಲಿಲ್ಲ, ಹರಕೆಯ ನೆನಪೂ ಇರಲಿಲ್ಲ. ನಾನು ಹೇಳಿರಲಿಲ್ಲವೇ ಎಂದು ಬೀದಿಯವರಿಗೆಲ್ಲ ಕೂಗಿ ಹೇಳುವಷ್ಟು ಸಂತೋಷ.

"ನಿಂಬೆಹಣ್ಣು ತಗೊಂಡೆ," ಎಂದಳು ಆಗಟಾ, ತಿರುಗದೆ. "ನಲವತ್ತೊಂದು ವರ್ಷ ಆಗಿತ್ತು ನಂಗೆ. ಯಾರಾದ್ರೂ ನೋಡಿದ್ರೆ ಬಿದ್ದು ಬಿದ್ದು ನಗ್ತಿದ್ರು. ಅದಕ್ಕೇ ಎಲ್ರೂ ಊಟಕ್ಕೆ ಕೂರೋವರೆಗೂ ಕಾದೆ."

"ಸುಳ್ಳು."

"ಸರಿ. ಸುಳ್ಳು ಅಂದ್ಕೋ."

ನಿನ್ಫಾ ಸುಳ್ಳೆಂದೇ ಅಂದುಕೊಳ್ಳುತ್ತಿದ್ದಳು. ಆದರೆ ಅವಳ ಅನುಮಾನದ ಬುದ್ಧಿಯೇ ಅವಳ ವಿರುದ್ಧ ಸಾಕ್ಷಿ ಹೇಳಿತು. ಆ ಹಬ್ಬದ ಬೆಳಿಗ್ಗೆ ಎಣಿಸಿಟ್ಟದ್ದು ಹದಿನೈದು ನಿಂಬೆಹಣ್ಣು, ಸಾಯಂಕಾಲ ಇದ್ದದ್ದು ಹದಿನಾಲ್ಕು. ಆ ವರ್ಷ ಬೀದಿಯಲ್ಲಿ ಮದುವೆ ವಯಸ್ಸಿಗೆ ಬಂದಿದ್ದವಳು ಲೀನಾ ಒಬ್ಬಳೇ. ಅವಳನ್ನು ಹಿಡಿದು ಬೈದಾಗ ಹುಡುಗಿ ಶಿಲುಬೆ ಮುಟ್ಟಿ ತಾನಲ್ಲ ಎಂದು ಅತ್ತಿದ್ದಳು. ಅದನ್ನು ನಿನ್ಫಾ ಮರೆತಿರಲಿಲ್ಲ. ಅವಳು ಯಾವುದನ್ನೂ ಮರೆಯುವವಳಲ್ಲ.

"ಆವಾಗ್ಲೇ ಯಾಕ್ ಹೇಳ್ಲಿಲ್ಲ?" ದನಿ ಕುಗ್ಗಿತ್ತು.

"ನೀನು ಕೇಳ್ಲೇ ಇಲ್ವಲ್ಲ, ಕುಮ್ಮಾರೆ. ನಂಗೆ ವಿಷಯ ಗೊತ್ತಾಗೋ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು."

"ಯಾರಿಗೋಸ್ಕರ ಕದ್ದೆ?"

ಆಗಟಾ ಸೊಪ್ಪಿನ ಕಂತೆಯನ್ನು ತೊಡೆಯ ಮೇಲಿಟ್ಟುಕೊಂಡು ಸುತಲಿಯಿಂದ ಕಟ್ಟಿದಳು. "ನಿನ್ನ ಅಣ್ಣ ಹರಿಯದೇ ಇರೋ ಅಂಗೀನೂ ತೇಪೆ ಹಾಕಿಸೋಕೆ ತರ್ತಿದ್ದ. ಈಸ್ಟರ್ ಆದ್ಮೇಲೆ ನಿನ್ನ ಹತ್ರ ಬಂದು ಮಾತಾಡ್ತೀನಿ ಅಂದಿದ್ದ. ಏನಾಯ್ತೋ, ಬರೋದೇ ಬಿಟ್ಟ."

ಏನಾಯಿತೆಂದು ನಿನ್ಫಾಳಿಗೆ ಗೊತ್ತಿತ್ತು. ಬೇಲಿಯನ್ನು ಹಿಡಿದುಕೊಂಡು ನಿಂತಳು. ಅಣ್ಣ ಸತ್ತ ಮೇಲೆ ಅವನ ಪೆಟ್ಟಿಗೆ ತೆಗೆದಾಗ, ಹೊಸದಾಗಿಯೇ ಇದ್ದ ಅಂಗಿಗಳಿಗೂ ಮೊಣಕೈಯಲ್ಲಿ ಅಚ್ಚುಕಟ್ಟಾದ ತೇಪೆಗಳಿದ್ದವು. ಹೊಲಿದವಳು ಕಾಸು ಕೀಳಲು ಹೀಗೆ ಮಾಡಿರಬೇಕು ಎಂದು ಆಗ ಅನುಮಾನಪಟ್ಟಿದ್ದಳು. ಅಳು ಒತ್ತರಿಸಿ ಬಂತು. ಆಗಟಾ ಸಮಾಧಾನ ಮಾಡಲಿಲ್ಲ. ಯಾಕೆ ಮಾಡಬೇಕು?

"ನಾನೇ ಅವನಿಗೆ ಹೇಳಿದ್ದು," ಎಂದಳು ನಿನ್ಫಾ.

"ಅದು ಗೊತ್ತು ನಂಗೆ."

"ಹಬ್ಬದ ದಿನ ಎಲ್ರ ಮುಂದೆ ಹೇಳ್ತೀನಿ. ನಿಂಬೆಹಣ್ಣು ಅಂತ ಹೇಳ್ತೀನಿ."

ಆಗಟಾ ಆಗ ಎದ್ದು ನಿಂತಳು. ಚಾಕು ಇನ್ನೂ ಕೈಯಲ್ಲೇ ಇತ್ತು. "ಹೇಳಿದ್ರೆ ನೋಡು. ಕಳ್ಳಿ ಅನ್ನಿಸ್ಕೊಂಡು ಹನ್ನೊಂದು ವರ್ಷ ಬದುಕಿದೀನಿ. ಗಂಡಿಗೋಸ್ಕರ ನಿಂಬೆಹಣ್ಣು ಕದ್ದ ಮುದುಕಿ ಅನ್ನಿಸ್ಕೊಂಡು ಒಂದು ದಿನಾನೂ ಬದುಕಲ್ಲ. ಆ ಫ್ಯಾನಿ ಬಾಯಿಗೆ ಲಿಬೋರಿಯೊ ಹೆಸರು ಬೀಳ್ಬಾರ್ದು. ಆಣೆ ಮಾಡು."

ನಿನ್ಫಾ ಆಣೆ ಮಾಡಿ, ಸೊಪ್ಪಿನ ಕಂತೆ ಹೊತ್ತು ಮನೆಗೆ ಬಂದಳು.

ಹಬ್ಬದ ದಿನ ಮೂರು ಮೆಟ್ಟಿಲ ಮೇಜು ಬ್ರೆಡ್ಡು, ಮೀನು, ಅಂಜೂರದ ಬಿಸ್ಕತ್ತುಗಳಿಂದ ತುಂಬಿತು. ಫಾದರ್ ಕೀಟಿಂಗ್ ತೀರ್ಥ ಚಿಮುಕಿಸಿ ಆಶೀರ್ವಾದ ಮಾಡಿದರು. ಇನ್ನೇನು ಜನ ಊಟಕ್ಕೆ ಕೂರಬೇಕು, ನಿನ್ಫಾ ಮೇಜಿನ ಮುಂದೆ ಬಂದು ನಿಂತಳು. ಆಗಟಾಳಿಗೆ ತಾನೇ ಹೋಗಿ ಕರೆ ಕೊಟ್ಟು ಬಂದಿದ್ದಳು. ಅವಳು ಬಂದು ಹೊಸ್ತಿಲ ಹತ್ತಿರ, ಹೊರಗೂ ಅಲ್ಲದೆ ಒಳಗೂ ಅಲ್ಲದೆ ನಿಂತಿದ್ದಳು. ಹೆಂಗಸರು ಅವಳಿಂದ ಸರಿದು ಜಾಗ ಬಿಟ್ಟಿದ್ದರು.

"ಒಂದ್ ಮಾತು ಹೇಳ್ಬೇಕು," ಎಂದಳು ನಿನ್ಫಾ. "ನನ್ನ ತಾಯಿ ಪದಕಾನ ಆಗಟಾ ತಗೊಂಡಿಲ್ಲ. ಹನ್ನೊಂದು ವರ್ಷ ನಾನು ಅವಳ ಮೇಲೆ ಹೇಳಿದ್ದು ತಪ್ಪು. ಎಲ್ರ ಮುಂದೆ ಅವಳ ಕ್ಷಮೆ ಕೇಳ್ತಿದೀನಿ."

ಮೊದಲು ಮಾತಾಡಿದವಳು ಫ್ಯಾನಿ. "ಹಂಗಾದ್ರೆ ಪದಕ ಸಿಕ್ತಾ?"

"ಇಲ್ಲ."

"ಸಿಗ್ಲಿಲ್ಲ ಅಂದ್ಮೇಲೆ ಅವಳು ತಗೊಂಡಿಲ್ಲ ಅಂತ ಹೆಂಗೇ ಗೊತ್ತಾಯ್ತು?"

"ಗೊತ್ತು."

"ಕಣ್ಣಾರೆ ನೋಡ್ದೆ ಅಂತ ನನ್ನ ಅಡುಗೆಮನೇಲಿ ಕೂತು ಹೇಳಿದ್ಯಲ್ಲೇ! ಎದೆಯೊಳಗೆ ಹಾಕ್ಕೊಂಡ್ಲು ಅಂದೆ!"

"ನಾನು ನೋಡಿದ್ದು..." ಎಂದು ಶುರು ಮಾಡಿದ ನಿನ್ಫಾ ಹೊಸ್ತಿಲ ಕಡೆ ನೋಡಿದಳು. ಆಗಟಾಳ ಮುಖ ಬಿಳಿಚಿಕೊಂಡಿತ್ತು. "ನಾನು ಏನೂ ನೋಡ್ಲಿಲ್ಲ. ಸುಮ್ನೆ ಹೇಳ್ದೆ."

"ಸುಮ್ನೆ ಹೇಳ್ದ್ಯಾ?" ಎಂದಳು ಫ್ಯಾನಿ. ಅವಳು ಸ್ಯಾರೀನಾಳ ಮುಖ ನೋಡಿದಳು, ಸ್ಯಾರೀನಾ ಇನ್ನೊಬ್ಬಳ ಮುಖ ನೋಡಿದಳು. ಆ ನೋಟ ಕೋಣೆ ಸುತ್ತಿ ಬರುವುದನ್ನು ನಿನ್ಫಾ ಒಂದೂ ಬಿಡದೆ ನೋಡಿದಳು. ಅದರ ಅರ್ಥ ಅವಳಿಗೆ ಗೊತ್ತಿತ್ತು: ಪದಕ ಇವಳ ಮನೆಯಲ್ಲೇ ಸಿಕ್ಕಿದೆ, ಮರ್ಯಾದೆಗೆ ಅಂಜಿ ಮುಚ್ಚಿಟ್ಟಿದ್ದಾಳೆ. ಇಲ್ಲವೇ ಇವಳೇ ಎಲ್ಲೋ ಮಾರಿ ತಿಂದು ಬಡವಿಯ ಮೇಲೆ ಹೊರಿಸಿದ್ದಾಳೆ. ಈಗ ಗಂಡನಿಗೆ ಕಾಯಿಲೆ ಬಂದದ್ದಕ್ಕೆ ದೇವರ ಭಯ ಹುಟ್ಟಿದೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೆ ಹೇಳಬೇಕಾಗಿಯೂ ಇರಲಿಲ್ಲ. ಒಂದು ಮಾತು ಆಡಿದ್ದರೆ ಎಲ್ಲ ತಿಳಿಯಾಗುತ್ತಿತ್ತು. ಆ ಮಾತನ್ನು ಹಲ್ಲು ಕಚ್ಚಿ ಹಿಡಿದಳು.

ಫಾದರ್ ಕೀಟಿಂಗ್ ಕೆಮ್ಮಿ, "ಊಟಕ್ಕೆ ಕೂರೋಣ" ಎಂದರು. ಸ್ಯಾರೀನಾ ಹೋಗಿ ಆಗಟಾಳ ಕೈ ಹಿಡಿದು ಒಳಗೆ ಕರೆತಂದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. "ಪಾಪ, ಏನೆಲ್ಲ ಅನುಭವಿಸ್ದೆ" ಎಂದು ನಿನ್ಫಾಳಿಗೆ ಕೇಳಿಸುವ ಹಾಗೆಯೇ ಹೇಳಿದಳು.

ಗ್ಯಾಸ್ಪರನ ಆಪರೇಷನ್ ಸರಿಯಾಗಿ ಆಯಿತು. ಗಡ್ಡೆ ಕೆಟ್ಟದ್ದಲ್ಲ ಎಂದು ಡಾಕ್ಟರು ಹೇಳಿದಾಗ ನಿನ್ಫಾ ಎರಡು ಸಲ ಕೇಳಿ, ಬರೆಸಿಕೊಂಡೇ ಬಂದಳು. ಈಸ್ಟರ್ ಹೊತ್ತಿಗೆ ಆಗಟಾಳ ಹೊಲಿಗೆ ಯಂತ್ರದ ಸದ್ದು ಬೀದಿಗೆ ಕೇಳತೊಡಗಿತು. ಮೇ ತಿಂಗಳ ಎರಡು ಮದುವೆಯ ಬಟ್ಟೆ ಅವಳಿಗೇ ಬಂದಿದ್ದವು. ಎದುರು ಸಿಕ್ಕರೆ ಆಗಟಾ ನಿನ್ಫಾಳಿಗೆ ತಲೆ ಅಲ್ಲಾಡಿಸುತ್ತಿದ್ದಳು. ಅದಕ್ಕಿಂತ ಹೆಚ್ಚು ಏನೂ ಇಲ್ಲ. ಇಗರ್ಜಿಯಲ್ಲಿ ನಿನ್ಫಾಳ ಬೆಂಚಿಗೆ ಮಾತ್ರ ಯಾರೂ ಬಂದು ಕೂರುತ್ತಿರಲಿಲ್ಲ. ಊರಿನಲ್ಲಿ ಏನೇನು ಹೇಳುತ್ತಿದ್ದಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರ ಬಗ್ಗೆಯಾಗಿದ್ದರೆ ತಾನೂ ಅದನ್ನೇ ಹೇಳುತ್ತಿದ್ದಳು.

ಏಪ್ರಿಲ್ ಕೊನೆಯ ಒಂದು ಸಂಜೆ ಗಂಡ ಹೆಂಡತಿ ಇಬ್ಬರೂ ಮನೆ ಮುಂದೆ ಕೂತಿದ್ದರು. ಗ್ಯಾಸ್ಪರನ ಕತ್ತಿನ ಪಟ್ಟಿ ಬಿಚ್ಚಿದ್ದರು, ಮಾತಾಡಬಹುದು ಎಂದಿದ್ದರು. ಅವನು ನೀರು ಕುಡಿದು ಲೋಟ ಕೆಳಗಿಟ್ಟ. ಎಷ್ಟೋ ದಿನ ಆಡಲಾರದೆ ಇಟ್ಟುಕೊಂಡಿದ್ದ ಮಾತನ್ನು ಹೊಸ ಗಂಟಲಿಂದ ಮೆಲ್ಲಗೆ ಆಡಿದ.

"ನಿನ್ಫಾ. ಯಾರಿಗೂ ಹೇಳಲ್ಲ ನಾನು. ಆ ಪದಕಾನ ಏನ್ ಮಾಡಿದ್ದೆ?"

ಅವಳು ಗಂಡನ ಮುಖ ನೋಡಿದಳು. ಮೂವತ್ತೆಂಟು ವರ್ಷ ಜೊತೆಗಿದ್ದವನು. ಇವನು ಉಳಿಯಲಿ ಎಂದೇ ಆ ಬಾಗಿಲು ತಟ್ಟಿದ್ದು. ಎದುರು ಮನೆಯಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು.

"ನಾನು ಏನೂ ಮಾಡ್ಲಿಲ್ಲ ಕಣ್ರೀ," ಎಂದಳು.

"ಸರಿ ಬಿಡು," ಎಂದ ಗ್ಯಾಸ್ಪರ, ಅವಳ ಕಣ್ಣು ತಪ್ಪಿಸಿ. ಅವನು ನಂಬಲಿಲ್ಲ ಎಂಬುದು ನಿನ್ಫಾಳಿಗೆ ಗೊತ್ತಾಯಿತು, ಮತ್ತು ಈ ಸಲ ಅದು ಅನುಮಾನವಾಗಿರಲಿಲ್ಲ.